ಅಮೆರಿಕದ ಅಂತರ್ಯುದ್ಧ ಮುಗಿದದ್ದು ಬಂದರುಗಳಲ್ಲಿ

ಅಮೆರಿಕದ ಅಂತರ್ಯುದ್ಧದ (1861–65) ಮುಖ್ಯ ಕದನಗಳ ಬಗ್ಗೆ ಯಾವ ವಿಡಿಯೋ ನೋಡಿದರೂ ಗೆಟ್ಟಿಸ್‌ಬರ್ಗ್ ಮೊದಲ ಸ್ಥಾನದಲ್ಲಿ ಕೂತಿರುತ್ತದೆ. ಮೂರು ದಿನದ ಕದನ. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲ ಸೇರಿ ಸುಮಾರು 51,000 ಜನ. ದೊಡ್ಡ ಕದನವೇ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ ಇಲ್ಲ. ನಾನು ಮಂಗಳೂರಿನವನು, ಹೊಟ್ಟೆಪಾಡು ಪಣಂಬೂರು ಬಂದರಿನಲ್ಲಿ ಸರಕಿನ ಕಾಗದಪತ್ರ ನೋಡುವುದು. ಹಡಗು ಬರುವುದು ನಿಂತರೆ ಏನೇನು ನಿಲ್ಲುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಈ ಯುದ್ಧದ ನಕ್ಷೆ ಬಿಡಿಸಿದರೆ ನನ್ನ ಕಣ್ಣು ಮೊದಲು ಹೋಗುವುದು ಅಳಿವೆಗಳ ಕಡೆಗೆ, ನದಿಗಳ ಕಡೆಗೆ. ಯುದ್ಧ ತೀರ್ಮಾನವಾದದ್ದೂ ಅಲ್ಲೇ ಅನ್ನುವುದು ನನ್ನ ವಾದ. ಒಪ್ಪದವರು ಕಮೆಂಟಿನಲ್ಲಿ ಜಗಳಕ್ಕೆ ಬನ್ನಿ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ಯುದ್ಧ ಆದದ್ದು ಗುಲಾಮಗಿರಿಗಾಗಿ. ರಾಜ್ಯಗಳ ಹಕ್ಕು ಅಂತ ಒಂದು ವಾದ ಉಂಟಲ್ಲ, ಯಾವುದರ ಹಕ್ಕು ಅಂತ ಕೇಳಿದರೆ ಉತ್ತರ ಮತ್ತೆ ಗುಲಾಮರ ಹತ್ತಿರವೇ ಬಂದು ನಿಲ್ಲುತ್ತದೆ. ದಕ್ಷಿಣದ 11 ರಾಜ್ಯಗಳಲ್ಲಿದ್ದ ಸುಮಾರು 90 ಲಕ್ಷ ಜನರಲ್ಲಿ 35 ಲಕ್ಷ ಜನ ಗುಲಾಮರು. ಹತ್ತಿ ಬಿಡಿಸುತ್ತಿದ್ದವರು ಅವರು. ಬ್ರಿಟನ್ನಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಅಲ್ಲಿಂದಲೇ. 1860ರ ಕೊನೆಗೆ ಅಧ್ಯಕ್ಷ ಚುನಾವಣೆಯಲ್ಲಿ ಲಿಂಕನ್ ಗೆದ್ದ ಕೂಡಲೇ ಒಂದೊಂದೇ ರಾಜ್ಯ ಒಕ್ಕೂಟ ಬಿಟ್ಟು ಹೊರಟಿತು. ಹಾಗೆ ಹೊರಟವರು ದಕ್ಷಿಣ, ಲಿಂಕನ್ ಜತೆ ಒಕ್ಕೂಟದಲ್ಲಿ ಉಳಿದವರು ಉತ್ತರ. ನಮ್ಮ ಹತ್ತಿ ಇಲ್ಲದೆ ಲಂಡನ್ನಿನವರು ಬದುಕುತ್ತಾರಾ, ಇವತ್ತಲ್ಲ ನಾಳೆ ನಮ್ಮ ಸಹಾಯಕ್ಕೆ ಬರಲೇಬೇಕು ಅನ್ನುವ ಧೈರ್ಯ ದಕ್ಷಿಣದ ದೊಡ್ಡವರಿಗೆ ಇತ್ತು.

ಮೊದಲ ಗುಂಡು ಹಾರಿದ್ದೂ ಒಂದು ಬಂದರಿನಲ್ಲೇ ನೋಡಿ. ಚಾರ್ಲ್ಸ್‌ಟನ್ ಬಂದರಿನ ಬಾಯಲ್ಲಿ ಫೋರ್ಟ್ ಸಮ್ಟರ್ ಅಂತ ಕೋಟೆ. 1861ರ ಏಪ್ರಿಲ್ 12ಕ್ಕೆ ದಕ್ಷಿಣದವರು ಅದರ ಮೇಲೆ ಫಿರಂಗಿ ಹಾರಿಸಿದರು, 34 ಗಂಟೆ ಹೊಡೆದರು, ಆ ದಾಳಿಯಲ್ಲಿ ಒಬ್ಬನೂ ಸಾಯಲಿಲ್ಲ. ಲಿಂಕನ್ 75,000 ಸ್ವಯಂಸೇವಕರನ್ನು ಕರೆದರು. ಅದನ್ನು ಕೇಳಿ ಮತ್ತೆ ನಾಲ್ಕು ರಾಜ್ಯ ದಕ್ಷಿಣಕ್ಕೆ ಸೇರಿದವು.

ಜುಲೈಯಲ್ಲಿ ಬುಲ್ ರನ್. ವಾಷಿಂಗ್ಟನ್‌ನಿಂದ ಸುಮಾರು 40 ಕಿಲೋಮೀಟರ್ ದೂರ. ಅಲ್ಲಿನ ದೊಡ್ಡ ಮನುಷ್ಯರು ಊಟದ ಬುಟ್ಟಿ ಕಟ್ಟಿಕೊಂಡು, ಕುದುರೆಗಾಡಿಯಲ್ಲಿ ಯುದ್ಧ ನೋಡಲಿಕ್ಕೆ ಹೋಗಿದ್ದರು! ಉತ್ತರದ ಸೈನ್ಯ ಸೋತು ಓಡಿ ಬಂತು, ಬುಟ್ಟಿಯವರೂ ಓಡಿದರು. ಯುದ್ಧ ಬೇಗ ಮುಗಿಯುವುದಿಲ್ಲ ಅಂತ ಗೊತ್ತಾಯಿತು. ಅಷ್ಟು ಬಿಟ್ಟರೆ ಆ ಕದನದಿಂದ ಏನೂ ಬದಲಾಗಲಿಲ್ಲ.

ಇದಕ್ಕಿಂತ ಮೊದಲೇ ಉತ್ತರದ ಮುದಿ ಜನರಲ್ ವಿನ್‌ಫೀಲ್ಡ್ ಸ್ಕಾಟ್ ಒಂದು ಯೋಜನೆ ಕೊಟ್ಟಿದ್ದರು. ಸಮುದ್ರದ ಕಡೆಯಿಂದ ಎಲ್ಲ ಬಂದರು ಮುಚ್ಚಿ, ಮಿಸಿಸಿಪ್ಪಿ ನದಿ ಉದ್ದಕ್ಕೂ ಹಿಡಿದುಕೊಳ್ಳಿ, ಆಮೇಲೆ ಕಾಯಿರಿ. ಪತ್ರಿಕೆಯವರು ನಕ್ಕರು, ಹೆಬ್ಬಾವಿನ ಯೋಜನೆ ಅಂತ ಹೆಸರಿಟ್ಟರು. ನಗುವುದಕ್ಕೆ ಕಾರಣವೂ ಇತ್ತು. ಮುಚ್ಚಬೇಕಾದ ಕರಾವಳಿ 5,600 ಕಿಲೋಮೀಟರ್, ಕೈಯಲ್ಲಿದ್ದ ಹಡಗು ಬೆರಳೆಣಿಕೆಯಷ್ಟು. ಆದರೆ ನಾಲ್ಕು ವರ್ಷದ ನಂತರ ಯುದ್ಧ ಮುಗಿದದ್ದು ಹೆಚ್ಚು ಕಡಿಮೆ ಆ ಮುದುಕ ಹೇಳಿದ ಹಾಗೆಯೇ.

1862ರ ಫೆಬ್ರವರಿಯಲ್ಲಿ ಉತ್ತರದ ಜನರಲ್ ಯುಲಿಸಿಸ್ ಗ್ರಾಂಟ್ ಟೆನೆಸ್ಸೀ ನದಿಯ ಮೇಲಿನ ಫೋರ್ಟ್ ಹೆನ್ರಿ, ಕಂಬರ್ಲೆಂಡ್ ನದಿಯ ಮೇಲಿನ ಫೋರ್ಟ್ ಡೊನಲ್ಸನ್ ಎರಡನ್ನೂ ಹಿಡಿದರು. ಡೊನಲ್ಸನ್‌ನಲ್ಲಿ ಸುಮಾರು 12,000 ಜನ ಸೆರೆಸಿಕ್ಕರು. ಈ ಎರಡು ನದಿಗಳು ದಕ್ಷಿಣದ ಹೊಟ್ಟೆಯೊಳಗೆ ಹೋಗುವ ದಾರಿಗಳು. ಏಪ್ರಿಲ್‌ನಲ್ಲಿ ಶೈಲೊ ಕದನ, ಎರಡೇ ದಿನದಲ್ಲಿ ಸುಮಾರು 24,000 ಜನ ಸತ್ತೋ ಗಾಯಗೊಂಡೋ ಸೆರೆಯಾಗಿಯೋ ಹೋದರು. ಅಮೆರಿಕನ್ನರು ಅಲ್ಲಿಯವರೆಗೆ ಅಂಥ ಲೆಕ್ಕ ಕೇಳಿಯೇ ಇರಲಿಲ್ಲ. ಆದರೆ ನನ್ನ ದೃಷ್ಟಿಯಲ್ಲಿ ಶೈಲೊದ ನಿಜವಾದ ಪರಿಣಾಮ ಆದದ್ದು ನೂರಾರು ಮೈಲಿ ಆಚೆ, ನ್ಯೂ ಆರ್ಲಿಯನ್ಸ್‌ನಲ್ಲಿ. ಅಲ್ಲಿ ಕಾವಲಿಗಿದ್ದ ಸೈನ್ಯವನ್ನು ಶೈಲೊಗೆ ಅಂತ ಎಳೆದುಕೊಂಡಿದ್ದರು.

ನ್ಯೂ ಆರ್ಲಿಯನ್ಸ್ ಅಂದರೆ ದಕ್ಷಿಣದ ಅತಿ ದೊಡ್ಡ ನಗರ, ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಜನ. ಹತ್ತಿ ಹೊರಗೆ ಹೋಗುವ ಹೆಬ್ಬಾಗಿಲು ಅದು. ಮಿಸಿಸಿಪ್ಪಿಯ ಕೆಳಗೆ, ಸಮುದ್ರದ ಕಡೆಗೆ, ಎರಡು ಕೋಟೆಗಳು ಎದುರುಬದುರು ನಿಂತಿದ್ದವು. ಉತ್ತರದ ನೌಕಾಧಿಕಾರಿ ಡೇವಿಡ್ ಫ್ಯಾರಗಟ್ ಕೆಲವು ದಿನ ಕೋಟೆಗಳ ಮೇಲೆ ಗುಂಡು ಸುರಿಸಿ ನೋಡಿದರು, ಆಗಲಿಲ್ಲ. ಏಪ್ರಿಲ್ 24ರ ಬೆಳಗಿನ ಜಾವ ಕತ್ತಲಲ್ಲಿ, ಕೋಟೆ ಹಿಡಿಯುವುದು ಹಾಳಾಗಿ ಹೋಗಲಿ ಅಂತ, ಎರಡೂ ಕಡೆಯ ಫಿರಂಗಿ ತಿಂದುಕೊಂಡೇ ಹಡಗುಗಳನ್ನು ಮೇಲಕ್ಕೆ ನುಗ್ಗಿಸಿಬಿಟ್ಟರು. ಮರುದಿನ ನಗರದ ದಕ್ಕೆಯ ಎದುರು ಹಡಗುಗಳು ನಿಂತಿದ್ದವು. ಶತ್ರುವಿನ ಕೈಗೆ ಸಿಗಬಾರದು ಅಂತ ಜನ ದಕ್ಕೆಯಲ್ಲೇ ಹತ್ತಿಗೆ ಬೆಂಕಿ ಹಾಕಿದ್ದರು. ನೇತ್ರಾವತಿ, ಫಲ್ಗುಣಿ ಎರಡೂ ಸಮುದ್ರ ಸೇರುವ ನಮ್ಮ ಅಳಿವೆ ಬಾಗಿಲಲ್ಲಿ ಯಾರೋ ಬಂದು ಹಡಗು ಅಡ್ಡ ನಿಲ್ಲಿಸಿದರು ಅಂತ ಎಣಿಸಿ, ಹಳೆ ಬಂದರಿನ ಕತೆ ಏನಾಗಬಹುದು? ಅದನ್ನು ಇಡೀ ದೇಶದ ಅರ್ಧದ ಮಟ್ಟಿಗೆ ದೊಡ್ಡದು ಮಾಡಿ ನೋಡಿ. ಯುದ್ಧ ಶುರುವಾಗಿ ಒಂದು ವರ್ಷಕ್ಕೆ ದಕ್ಷಿಣ ತನ್ನ ಅತಿ ದೊಡ್ಡ ಬಂದರನ್ನು ಕಳೆದುಕೊಂಡಿತ್ತು, ಅದೂ ದೊಡ್ಡ ಭೂಕದನ ಒಂದೂ ಇಲ್ಲದೆ. ಈ ಸಂಗತಿಗೆ ಸಿಗಬೇಕಾದಷ್ಟು ಜಾಗ ಯಾಕೆ ಸಿಗುವುದಿಲ್ಲ ಅಂದರೆ ಸತ್ತವರು ಕಡಿಮೆ. ನಾವೆಲ್ಲ ಹೆಣ ಎಣಿಸಿ ಕದನಕ್ಕೆ ಮಾರ್ಕ್ಸ್ ಕೊಡುವವರು, ಅಲ್ವಾ?

ಭೂಮಿಯ ಮೇಲೆ ಆದದ್ದರಲ್ಲಿ ನಾನು ತಲೆಬಾಗುವ ಒಂದು ಕದನ ಅಂದರೆ ಆಂಟೀಟಮ್. 1862ರ ಸೆಪ್ಟೆಂಬರ್ 17. ಒಂದೇ ದಿನದಲ್ಲಿ ಸುಮಾರು 23,000 ಜನ ಬಿದ್ದರು. ದಕ್ಷಿಣದ ಜನರಲ್ ರಾಬರ್ಟ್ ಲೀ ಉತ್ತರದೊಳಗೆ ನುಗ್ಗಿದ್ದರು. ಅವರ ಗುಪ್ತ ಆದೇಶದ ಒಂದು ಪ್ರತಿ ಮೂರು ಚುಟ್ಟಾಗಳಿಗೆ ಸುತ್ತಿದ ಸ್ಥಿತಿಯಲ್ಲಿ ಉತ್ತರದ ಸೈನಿಕರಿಗೆ ಹೊಲದಲ್ಲಿ ಸಿಕ್ಕಿತು. ಅಷ್ಟು ಸಿಕ್ಕರೂ ಜನರಲ್ ಮೆಕ್‌ಲೆಲನ್ ನಿಧಾನ ಮಾಡಿ, ಕದನ ಆದ ಮೇಲೆ ಲೀಯನ್ನು ನದಿ ದಾಟಿ ಹೋಗಲಿಕ್ಕೆ ಬಿಟ್ಟರು. ಆದರೂ ಲೀ ಹಿಂದೆ ಹೋದರಲ್ಲ, ಲಿಂಕನ್‌ಗೆ ಅಷ್ಟು ಸಾಕಿತ್ತು. ಐದು ದಿನದ ನಂತರ ವಿಮೋಚನೆಯ ಘೋಷಣೆ ಹೊರಬಂತು: 1863ರ ಜನವರಿ 1ರಿಂದ ದಂಗೆಯೆದ್ದ ರಾಜ್ಯಗಳ ಗುಲಾಮರು ಸ್ವತಂತ್ರರು. ಆ ಹೊತ್ತಿಗೆ ಬ್ರಿಟನ್ನಿನ ಮಂತ್ರಿಗಳು ದಕ್ಷಿಣವನ್ನು ಬೇರೆ ದೇಶ ಅಂತ ಒಪ್ಪಿಕೊಳ್ಳುವ ಮಾತಿನಲ್ಲಿದ್ದರು. ಈಗ ಒಪ್ಪಿದರೆ ಗುಲಾಮಗಿರಿಯ ಕಡೆ ನಿಂತ ಹಾಗಾಗುತ್ತದೆ. ಮಾತು ಅಲ್ಲಿಗೇ ನಿಂತಿತು. ಮ್ಯಾಂಚೆಸ್ಟರಿನ ಗಿರಣಿ ಕೆಲಸಗಾರರು, ಹತ್ತಿ ಇಲ್ಲದೆ ಕೆಲಸ ಹೋಗಿ ಹಸಿದಿದ್ದವರು, ನಾವು ನಿಮ್ಮ ಕಡೆ ಅಂತ ಲಿಂಕನ್‌ಗೆ ಪತ್ರ ಬರೆದರು. ಲಿಂಕನ್ ಉತ್ತರವನ್ನೂ ಕೊಟ್ಟರು. ಈ ಇಡೀ ಯುದ್ಧದಲ್ಲಿ ನನಗೆ ಯಾವ ಜನರಲ್‌ಗಿಂತಲೂ ಜಾಸ್ತಿ ಮರ್ಯಾದೆ ಇರುವುದು ಆ ಕೆಲಸಗಾರರ ಮೇಲೆ.

ಈಗ ನಮ್ಮ ಕರಾವಳಿಗೆ ಬರೋಣ.

ಅಮೆರಿಕದ ಹತ್ತಿ ನಿಂತ ಮೇಲೆ ಬ್ರಿಟನ್ ಕಣ್ಣು ಬಿದ್ದದ್ದು ಇಂಡಿಯಾದ ಮೇಲೆ. ಧಾರವಾಡದ ಕರಿಮಣ್ಣಿನ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಬೊಂಬಾಯಿಗೆ, ಆಮೇಲೆ ಲಿವರ್‌ಪೂಲಿಗೆ ಹೋಗುತ್ತಿತ್ತು. ಆ ಹತ್ತಿಗೆ ವ್ಯಾಪಾರದಲ್ಲಿ ಹೆಸರೇ ಕುಮಟಾ ಹತ್ತಿ, ಬೆಳೆದದ್ದು ಕುಮಟಾದಲ್ಲಿ ಅಲ್ಲದಿದ್ದರೂ. ಇನ್ನೊಂದು ತಮಾಷೆ ಉಂಟು. 1840ರ ಸುಮಾರಿಗೆ ಕಂಪನಿ ಸರಕಾರ ಅಮೆರಿಕದ ತೋಟದವರನ್ನೇ ಕರೆಸಿ, ನ್ಯೂ ಆರ್ಲಿಯನ್ಸ್ ತಳಿಯ ಬೀಜ ತರಿಸಿ ಇಲ್ಲಿ ಹತ್ತಿ ಬೆಳೆಸಿ ನೋಡಿತ್ತು. ಬಹಳ ಕಡೆ ಸೋತಿತು, ಧಾರವಾಡದ ಕಡೆ ಮಾತ್ರ ಹಿಡಿಯಿತು. ಅಂದರೆ ಫ್ಯಾರಗಟ್ ಆ ಊರನ್ನು ಹಿಡಿದ ಹೊತ್ತಿಗೆ ಅದೇ ಊರಿನ ಬೀಜ ನಮ್ಮ ಘಟ್ಟದ ಮೇಲೆ ಬೆಳೆಯುತ್ತಿತ್ತು.

ಬೆಲೆ ಏರಿತು ನೋಡಿ, ಕಲಬೆರಕೆಯೂ ಶುರುವಾಯಿತು. ಹತ್ತಿಯಲ್ಲಿ ಬೀಜ, ಕಸ, ತೂಕಕ್ಕೆ ಕಲ್ಲು. ಇಂಡಿಯಾದ ಹತ್ತಿಗೆಲ್ಲ ಲ್ಯಾಂಕಶೈರಿನವರು ಸೂರತ್ ಅಂತಲೇ ಹೆಸರಿಟ್ಟಿದ್ದರು, ಎಳೆ ಗಿಡ್ಡ, ಮಗ್ಗದಲ್ಲಿ ತುಂಡಾಗುತ್ತದೆ ಅಂತ ಶಪಿಸುತ್ತಿದ್ದರು. ಕೊನೆಗೆ ಬೊಂಬಾಯಿ ಸರಕಾರ 1863ರಲ್ಲಿ ಹತ್ತಿ ಮೋಸದ ವಿರುದ್ಧ ಕಾಯಿದೆಯನ್ನೇ ತಂದಿತು.

ಇದಕ್ಕಿಂತ ದೊಡ್ಡ ಸಂಗತಿ ನಮ್ಮ ಜಿಲ್ಲೆಯದ್ದು. ಟಿಪ್ಪು ಸುಲ್ತಾನರ ನಂತರ ಕೆನರಾ ಅಂತ ಒಂದೇ ಜಿಲ್ಲೆ ಇತ್ತು, ಮಂಗಳೂರು ಅದರ ಕೇಂದ್ರ, ಎಲ್ಲ ಮದರಾಸಿನ ಕೆಳಗೆ. ಯುದ್ಧ ಶುರುವಾಗುವ ಹೊತ್ತಿಗೆ ಅದನ್ನು ಉತ್ತರ, ದಕ್ಷಿಣ ಅಂತ ಎರಡು ಮಾಡಿ ಆಗಿತ್ತು. 1862ರಲ್ಲಿ ಉತ್ತರ ಕೆನರಾವನ್ನು ಬೊಂಬಾಯಿ ಪ್ರಾಂತ್ಯಕ್ಕೆ ಕೊಟ್ಟರು. ಕುಂದಾಪುರ ಮಾತ್ರ ನಮ್ಮ ಕಡೆ ಉಳಿಯಿತು. ಯಾಕೆ ಕೊಟ್ಟರು? ಕಾರವಾರದ ಬಂದರು. ಧಾರವಾಡ ಬೊಂಬಾಯಿ ಪ್ರಾಂತ್ಯದಲ್ಲಿತ್ತು, ಅದರ ಹತ್ತಿ ಇಳಿಯಬೇಕಾದ ಕರಾವಳಿ ಮದರಾಸಿನ ಕೈಯಲ್ಲಿ. ಮದರಾಸಿನವರು ರಸ್ತೆಗೆ, ಬಂದರಿಗೆ ಮನಸ್ಸು ಮಾಡುವುದಿಲ್ಲ ಅಂತ ಬೊಂಬಾಯಿ ವ್ಯಾಪಾರಿಗಳೂ ಮ್ಯಾಂಚೆಸ್ಟರಿನವರೂ ಮೊದಲಿನಿಂದಲೇ ಗಲಾಟೆ ಮಾಡುತ್ತಿದ್ದರು. ಅಮೆರಿಕದ ಯುದ್ಧದಿಂದಲೇ ಜಿಲ್ಲೆ ಒಡೆಯಿತು ಅಂತ ನಾನು ಹೇಳುವುದಿಲ್ಲ, ಅಷ್ಟು ಸುಲಭವಾಗಿ ಇತಿಹಾಸ ಹೇಳಬಾರದು. ಆದರೆ ಆ ಗಲಾಟೆಗೆ ಬಿಸಿ ಮುಟ್ಟಿಸಿದ್ದು ಹತ್ತಿಯ ಬರ. ಉಡುಪಿಯಿಂದ ಭಟ್ಕಳಕ್ಕೆ ಹೋಗುವಾಗ ಶಿರೂರು ದಾಟಿದ ಕೂಡಲೇ ಜಿಲ್ಲೆ ಬದಲಾಗುತ್ತದಲ್ಲ, 1956ರವರೆಗೆ ಅಲ್ಲಿ ರಾಜ್ಯವೇ ಬದಲಾಗುತ್ತಿತ್ತು.

ಸರಿ, ಗೆಟ್ಟಿಸ್‌ಬರ್ಗ್. 1863ರ ಜುಲೈ 1ರಿಂದ 3. ಲೀ ಎರಡನೇ ಸಲ ಉತ್ತರಕ್ಕೆ ನುಗ್ಗಿದರು, ಮೂರನೇ ದಿನ ಸುಮಾರು 12,500 ಜನರನ್ನು ಬಯಲಿನಲ್ಲಿ ಫಿರಂಗಿಗಳ ಎದುರು ನಡೆಸಿದರು, ಅರ್ಧದಷ್ಟು ಜನ ವಾಪಸ್ ಬರಲಿಲ್ಲ. ಲೀಯನ್ನು ದೇವರ ಹಾಗೆ ಕಾಣುವವರು ಈ ಒಂದು ಮಧ್ಯಾಹ್ನವನ್ನು ಹೇಗೆ ಜೀರ್ಣ ಮಾಡಿಕೊಳ್ಳುತ್ತಾರೋ ನನಗೆ ಅರ್ಥವಾಗುವುದಿಲ್ಲ. ಸೋತರು, ವರ್ಜೀನಿಯಾಕ್ಕೆ ಹಿಂದಿರುಗಿದರು, ಇನ್ನೂ ಸುಮಾರು ಎರಡು ವರ್ಷ ಹೋರಾಡಿದರು. ಅಂದರೆ ಕದನದ ನಂತರ ನಕ್ಷೆ ಹೆಚ್ಚು ಕಡಿಮೆ ಕದನದ ಮೊದಲು ಇದ್ದ ಹಾಗೆಯೇ ಇತ್ತು.

ಅದರ ಮರುದಿನ, ಜುಲೈ 4ಕ್ಕೆ, ವಿಕ್ಸ್‌ಬರ್ಗ್ ಬಿತ್ತು. ನನ್ನ ಮೊದಲ ಸ್ಥಾನ ಇದಕ್ಕೆ.

ಮಿಸಿಸಿಪ್ಪಿ ಒಂದು ಕಡೆ ಬಳುಕಿ ತಿರುಗುವ ಜಾಗದಲ್ಲಿ, ಎತ್ತರದ ದಂಡೆಯ ಮೇಲೆ ವಿಕ್ಸ್‌ಬರ್ಗ್ ಇತ್ತು. ಕೆಳಗೆ ನ್ಯೂ ಆರ್ಲಿಯನ್ಸ್ ಉತ್ತರದ ಕೈಗೆ ಬಂದಿತ್ತು, ಮೇಲಿನ ಮೆಂಫಿಸ್ ಕೂಡ. ನಡುವೆ ಇದೊಂದು ಬಿರಡೆ. ತಿರುವಿನಲ್ಲಿ ಹಡಗು ನಿಧಾನ ಮಾಡಲೇಬೇಕು, ಆಗ ಮೇಲಿನಿಂದ ಹೊಡೆಯುತ್ತಾರೆ. ಗ್ರಾಂಟ್ ಚಳಿಗಾಲ ಇಡೀ ಏನೇನೋ ಮಾಡಿ ನೋಡಿದರು. ನದಿಯ ತಿರುವನ್ನೇ ತಪ್ಪಿಸಲಿಕ್ಕೆ ಕಾಲುವೆ ತೋಡಿಸಿದರು, ನೆರೆ ಬಂದು ಹಾಳಾಯಿತು. ನದಿ ದಂಡೆಯವರಿಗೆ ಖುಷಿಯಾಗುವ ವಿಷಯ ಏನೆಂದರೆ, 1876ರಲ್ಲಿ ಮಿಸಿಸಿಪ್ಪಿ ತಾನೇ ಆ ಮೂಲೆಯನ್ನು ಕೊರೆದುಕೊಂಡು ದಾರಿ ಬದಲಿಸಿತು. ವಿಕ್ಸ್‌ಬರ್ಗ್ ಎದುರು ನದಿಯೇ ಇಲ್ಲದ ಹಾಗಾಯಿತು. ಹದಿಮೂರು ವರ್ಷ ತಡ, ಅಷ್ಟೇ!

ಕೊನೆಗೆ ಗ್ರಾಂಟ್ ಮಾಡಿದ್ದು ಹುಚ್ಚು ಧೈರ್ಯದ ಕೆಲಸ. ಸೈನ್ಯವನ್ನು ನದಿಯ ಪಶ್ಚಿಮ ದಂಡೆಯಲ್ಲೇ ಕೆಳಗೆ ನಡೆಸಿದರು, ಏಪ್ರಿಲ್ 16ರ ರಾತ್ರಿ ಹಡಗುಗಳು ಫಿರಂಗಿಗಳ ಎದುರೇ ತೇಲಿ ಬಂದವು, ತಿಂಗಳ ಕೊನೆಗೆ ಸೈನ್ಯ ನದಿ ದಾಟಿ ಊರಿನ ಬೆನ್ನ ಹಿಂದೆ ಸೇರಿತು. ಪೂರ್ವದಲ್ಲಿದ್ದ ಜ್ಯಾಕ್ಸನ್ ಪಟ್ಟಣ ಹಿಡಿದು, ರೈಲು ದಾರಿ ಕಿತ್ತು, ತಿರುಗಿ ಬಂದು ಚಾಂಪಿಯನ್ ಹಿಲ್‌ನಲ್ಲಿ ಗೆದ್ದು, ವಿಕ್ಸ್‌ಬರ್ಗ್‌ಗೆ ಮುತ್ತಿಗೆ ಹಾಕಿದರು. 47 ದಿನ. ಊರಿನವರು ಗುಡ್ಡದಲ್ಲಿ ಗವಿ ತೋಡಿಕೊಂಡು ಬದುಕಿದರು, ಹೇಸರಗತ್ತೆ ತಿಂದರು, ಅಲ್ಲಿನ ಪತ್ರಿಕೆ ಕಾಗದ ಮುಗಿದು ಗೋಡೆಗೆ ಅಂಟಿಸುವ ಕಾಗದದ ಹಿಂದೆ ಅಚ್ಚಾಯಿತು. ಕೋಟೆ ಕಾಯುತ್ತಿದ್ದ ಜನರಲ್ ಪೆಂಬರ್ಟನ್ ಹುಟ್ಟಿದ್ದು ಉತ್ತರದ ಪೆನ್ಸಿಲ್ವೇನಿಯಾದಲ್ಲಿ, ಹಾಗಾಗಿ ಸೋತ ಮೇಲೆ ದಕ್ಷಿಣದವರು ಅವರನ್ನು ಅನುಮಾನದಿಂದಲೇ ನೋಡಿದರು, ಪಾಪ. ಸುಮಾರು 29,000 ಸೈನಿಕರು ಶರಣಾದರು. ಇನ್ನೂ ಐದು ದಿನಕ್ಕೆ ಕೆಳಗಿನ ಪೋರ್ಟ್ ಹಡ್ಸನ್ ಕೂಡ ಬಿತ್ತು. ಟೆಕ್ಸಸ್, ಅರ್ಕಾನ್ಸಾಸ್, ಲೂಸಿಯಾನಾದ ದೊಡ್ಡ ಭಾಗ ಎಲ್ಲ ನದಿಯ ಆಚೆ ಉಳಿಯಿತು. ಅಲ್ಲಿಂದ ಬರುತ್ತಿದ್ದ ದನ, ಕುದುರೆ, ಮೆಕ್ಸಿಕೋ ದಾರಿಯಲ್ಲಿ ಬರುತ್ತಿದ್ದ ಸಾಮಾನು, ಎಲ್ಲ ನಿಂತ ಹಾಗೆಯೇ. ದಕ್ಷಿಣ ಎರಡು ತುಂಡಾಯಿತು. ಗೆಟ್ಟಿಸ್‌ಬರ್ಗ್‌ನಲ್ಲಿ ಲೀ ಸೋತರು, ವಿಕ್ಸ್‌ಬರ್ಗ್‌ನಲ್ಲಿ ದೇಶವೇ ಕೈ ತಪ್ಪಿತು.

ಅದೇ ಜುಲೈ 18ಕ್ಕೆ ಚಾರ್ಲ್ಸ್‌ಟನ್ ಬಂದರಿನ ಫೋರ್ಟ್ ವ್ಯಾಗ್ನರ್ ಮೇಲೆ ಉತ್ತರದ 54ನೇ ಮ್ಯಾಸಚೂಸೆಟ್ಸ್ ಪಡೆ ನುಗ್ಗಿತು. ಕಪ್ಪು ಸೈನಿಕರ ಪಡೆ. ಕೋಟೆ ಸಿಗಲಿಲ್ಲ, ಬಹಳ ಜನ ಸತ್ತರು. ಆದರೆ ಕಪ್ಪು ಜನ ಯುದ್ಧ ಮಾಡುತ್ತಾರಾ ಅಂತ ಉತ್ತರದಲ್ಲೇ ಕೇಳುತ್ತಿದ್ದವರ ಬಾಯಿ ಮುಚ್ಚಿತು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,80,000 ಕಪ್ಪು ಸೈನಿಕರು ಸೇರಿದ್ದರು. ಸೋತರೂ ಲೆಕ್ಕಕ್ಕೆ ಬಂದ ಕದನ ಇದು.

ಒಂದು ಹಡಗಿನ ಕತೆ ಹೇಳದೆ ಮುಂದೆ ಹೋಗಲಾರೆ. ಅಲಬಾಮಾ ಅಂತ. ಲಿವರ್‌ಪೂಲ್ ಎದುರಿನ ಬರ್ಕನ್‌ಹೆಡ್‌ನಲ್ಲಿ ದಕ್ಷಿಣದವರಿಗಾಗಿ ಗುಟ್ಟಿನಲ್ಲಿ ಕಟ್ಟಿದ್ದು, ಕ್ಯಾಪ್ಟನ್ ರಫೇಲ್ ಸೆಮ್ಸ್. ಕೆಲಸ ಏನು? ಉತ್ತರದ ವ್ಯಾಪಾರಿ ಹಡಗು ಹಿಡಿಯುವುದು, ಸುಡುವುದು. ಒಟ್ಟು ಅರುವತ್ತಕ್ಕಿಂತ ಜಾಸ್ತಿ ಹಡಗು ಹಿಡಿಯಿತು. ಸಿಂಗಾಪುರದವರೆಗೆ ಹೋಗಿ, ತಿರುಗಿ ಬರುವಾಗ 1864ರ ಜನವರಿ 14ಕ್ಕೆ ಮಲಬಾರ್ ತೀರದ ಹತ್ತಿರ, ಬೊಂಬಾಯಿಯಿಂದ ಹೊರಟಿದ್ದ ಎಮ್ಮಾ ಜೇನ್ ಅನ್ನುವ ಅಮೆರಿಕದ ಹಡಗನ್ನು ಸುಟ್ಟು ಹಾಕಿತು. ಅದರ ಜನರನ್ನು ತಿರುವನಂತಪುರದ ಹತ್ತಿರದ ಅಂಚುತೆಂಗಿನಲ್ಲಿ ಇಳಿಸಿ ಹೋಯಿತು. ನಮ್ಮದೇ ಸಮುದ್ರ ಮಾರಾಯ್ರೆ! ಆ ವರ್ಷದ ಜೂನ್‌ನಲ್ಲಿ ಫ್ರಾನ್ಸಿನ ಶೆರ್‌ಬರ್ಗ್ ಎದುರು ಉತ್ತರದ ಕಿಯರ್‌ಸಾರ್ಜ್ ಹಡಗು ಅದನ್ನು ಮುಳುಗಿಸಿತು. ಇಂಥ ಹಡಗು ಕಟ್ಟಿ ಹೊರಗೆ ಬಿಟ್ಟದ್ದಕ್ಕೆ ಬ್ರಿಟನ್ 1872ರ ಜಿನೀವಾ ತೀರ್ಪಿನ ಪ್ರಕಾರ 1 ಕೋಟಿ 55 ಲಕ್ಷ ಡಾಲರ್ ದಂಡ ತೆತ್ತಿತು. ಆದರೆ ಯುದ್ಧದ ಫಲಿತಾಂಶ ಅದರಿಂದ ಒಂದಿಂಚೂ ಕದಲಲಿಲ್ಲ.

1864 ಅಂದರೆ ಚುನಾವಣೆಯ ವರ್ಷ. ವರ್ಜೀನಿಯಾದಲ್ಲಿ ಗ್ರಾಂಟ್ ಮತ್ತು ಲೀ ತಿಂಗಳುಗಟ್ಟಲೆ ಜನ ಕೊಲ್ಲಿಸಿ ಪೀಟರ್ಸ್‌ಬರ್ಗ್‌ನ ಕಂದಕಗಳಲ್ಲಿ ಸಿಕ್ಕಿಬಿದ್ದರು. ಆಗಸ್ಟ್ 23ಕ್ಕೆ ಲಿಂಕನ್, ನಾನು ಬಹುಶಃ ಸೋಲುತ್ತೇನೆ ಅಂತ ಬರೆದು, ಮಡಚಿ, ಮಂತ್ರಿಗಳಿಗೆ ಒಳಗೆ ಏನಿದೆ ಅಂತ ತೋರಿಸದೆ ಸಹಿ ಹಾಕಿಸಿದ್ದರು. ಎದುರಾಳಿ ಯಾರು? ಆಂಟೀಟಮ್‌ನ ಅದೇ ಮೆಕ್‌ಲೆಲನ್. ಸೆಪ್ಟೆಂಬರ್ 2ಕ್ಕೆ ಉತ್ತರದ ಜನರಲ್ ಷರ್ಮನ್ ಅಟ್ಲಾಂಟ ಹಿಡಿದರು, ಗಾಳಿ ತಿರುಗಿತು. ಅದಕ್ಕೆ ತಿಂಗಳ ಮೊದಲೇ ಫ್ಯಾರಗಟ್ ಮೊಬೀಲ್ ಕೊಲ್ಲಿಗೆ ನುಗ್ಗಿ ಆ ಬಂದರನ್ನೂ ಮುಚ್ಚಿದ್ದರು. ಲಿಂಕನ್ ಗೆದ್ದರು. ಅಟ್ಲಾಂಟ ಬೀಳದಿದ್ದರೆ ಸಂಧಾನ ಆಗುತ್ತಿತ್ತೋ ಏನೋ, ಗುಲಾಮಗಿರಿ ಇನ್ನೆಷ್ಟು ವರ್ಷ ಇರುತ್ತಿತ್ತೋ. ಒಳನಾಡಿನ ಊರುಗಳಲ್ಲಿ ಆಂಟೀಟಮ್ ಬಿಟ್ಟರೆ ನಾನು ಒಪ್ಪುವುದು ಇದೊಂದನ್ನು.

ಅಲ್ಲಿಂದ ಷರ್ಮನ್ ಜಾರ್ಜಿಯಾ ಸುಡುತ್ತ ಸಮುದ್ರದ ಕಡೆ ನಡೆದರು. ಡಿಸೆಂಬರ್‌ನಲ್ಲಿ ಸವಾನ ಬಂದರು ಹಿಡಿದು ಲಿಂಕನ್‌ಗೆ ತಂತಿ ಕಳಿಸಿದರು: ಕ್ರಿಸ್ಮಸ್ ಉಡುಗೊರೆಯಾಗಿ ಸವಾನ ನಗರ, 150 ಫಿರಂಗಿ, ಜತೆಗೆ ಸುಮಾರು 25,000 ಬೇಲು ಹತ್ತಿ. ಸರಕು ಎಣಿಸುವವನಿಗೆ ಆ ತಂತಿ ಓದಿ ನಗು ಬರುತ್ತದೆ. ಸಾಮ್ರಾಜ್ಯಗಳನ್ನು ಬಗ್ಗಿಸುತ್ತೇವೆ ಅಂತ ಹೊರಟ ಹತ್ತಿ, ಸಾಗಿಸಲಿಕ್ಕೆ ಆಗದೆ ಗೋದಾಮಿನಲ್ಲಿ ಬಿದ್ದಿತ್ತು.

ಉಳಿದ ಬಾಗಿಲು ವಿಲ್ಮಿಂಗ್ಟನ್. ಕೇಪ್ ಫಿಯರ್ ನದಿಯ ಅಳಿವೆಯಲ್ಲಿ ಅದನ್ನು ಕಾಯುತ್ತಿದ್ದದ್ದು ಫೋರ್ಟ್ ಫಿಶರ್. ಮರಳು, ಮಣ್ಣಿನ ಕೋಟೆ, ಗುಂಡು ಬಿದ್ದರೆ ನುಂಗಿಕೊಳ್ಳುತ್ತದೆ. ಬರ್ಮುಡಾ, ನಸಾವುಗಳಿಂದ ತೆಳ್ಳಗಿನ ವೇಗದ ಸ್ಟೀಮರುಗಳು ರಾತ್ರಿ ಕಣ್ಣು ತಪ್ಪಿಸಿ ಇಲ್ಲಿಗೆ ನುಗ್ಗುತ್ತಿದ್ದವು. ಉತ್ತರದ ನೌಕಾಪಡೆ ಬಂದರುಗಳಿಗೆ ಹಾಕಿದ ದಿಗ್ಬಂಧನ ದಾಟಲು ಹೊರಟ ಹಡಗುಗಳಲ್ಲಿ ಹೆಚ್ಚಿನವು ದಾಟುತ್ತಿದ್ದವು, ನಿಜ. ಆದ್ದರಿಂದ ದಿಗ್ಬಂಧನ ವ್ಯರ್ಥ ಅನ್ನುವವರಿದ್ದಾರೆ. ಸುಮ್ನೆ ಮಾತು. ಬರಲೇ ಹೆದರಿದ ಹಡಗುಗಳ ಲೆಕ್ಕ ಯಾರು ಇಟ್ಟರು? ಬಂದವೂ ಸಣ್ಣವು, ತಂದದ್ದರಲ್ಲಿ ಲಾಭದ ಸಾಮಾನೇ ಜಾಸ್ತಿ. ಮಾಂಸ ಕೆಡದ ಹಾಗೆ ಇಡುವ ಉಪ್ಪಿಗೂ ದಕ್ಷಿಣದಲ್ಲಿ ಪರದಾಟ. 1863ರ ಏಪ್ರಿಲ್‌ನಲ್ಲೇ ರಾಜಧಾನಿ ರಿಚ್ಮಂಡ್‌ನಲ್ಲಿ ಹೆಂಗಸರು ಬ್ರೆಡ್ಡಿಗಾಗಿ ಅಂಗಡಿಗಳಿಗೆ ನುಗ್ಗಿದ್ದರು. ಲೀಯ ಸೈನ್ಯಕ್ಕೆ ಹೋಗುತ್ತಿದ್ದ ಸಾಮಾನು ಇಳಿಯುತ್ತಿದ್ದದ್ದೂ ವಿಲ್ಮಿಂಗ್ಟನ್‌ನಲ್ಲೇ. 1865ರ ಜನವರಿ 15ಕ್ಕೆ, ಸುಮಾರು 60 ಹಡಗುಗಳು ಹೊಡೆದ ಮೇಲೆ ಫೋರ್ಟ್ ಫಿಶರ್ ಬಿತ್ತು. ಮೂರು ತಿಂಗಳು ತುಂಬುವ ಮೊದಲೇ, ಏಪ್ರಿಲ್ 9ಕ್ಕೆ, ಲೀ ಅಪಮ್ಯಾಟಕ್ಸ್‌ನಲ್ಲಿ ಶರಣಾದರು. ಅವರ ಸೈನಿಕರು ಹಸಿದಿದ್ದರು, ಗ್ರಾಂಟ್ ಊಟ ಕಳಿಸಿಕೊಟ್ಟರು.

ಶಾಂತಿಯ ಸುದ್ದಿ ಬೊಂಬಾಯಿಗೆ ಬಂದದ್ದು ಸಿಡಿಲಿನ ಹಾಗೆ. ಹತ್ತಿಯ ದುಡ್ಡಿನಲ್ಲಿ ಅಲ್ಲಿ ಬ್ಯಾಂಕು, ಕಂಪನಿ, ಸಮುದ್ರ ತುಂಬಿಸುವ ಯೋಜನೆಗಳ ಷೇರು ಆಕಾಶಕ್ಕೇರಿದ್ದವು, ಪ್ರೇಮಚಂದ್ ರಾಯ್‌ಚಂದ್ ಆ ಆಟದ ರಾಜ. 1865ರಲ್ಲಿ ಎಲ್ಲ ಒಟ್ಟಿಗೆ ಕುಸಿಯಿತು, ಕೊನೆಗೆ 1868ರಲ್ಲಿ ಬ್ಯಾಂಕ್ ಆಫ್ ಬೊಂಬಾಯಿ ಕೂಡ ಮುಚ್ಚಿತು. ಬೆಲೆ ಇದೆ ಅಂತ ಸಾಲ ಮಾಡಿ ಹತ್ತಿ ಬಿತ್ತಿದ ರೈತರಿಗೆ ಬೆಲೆ ಹೋಯಿತು, ಸಾಲ ಉಳಿಯಿತು. ಇಷ್ಟೆಲ್ಲ ಗಲಾಟೆ ಮಾಡಿ ಬೊಂಬಾಯಿ ಪಡೆದುಕೊಂಡ ಕಾರವಾರ ಅಂದುಕೊಂಡಷ್ಟು ದೊಡ್ಡ ಹತ್ತಿಯ ಬಂದರು ಆಗಲೇ ಇಲ್ಲ. 1880ರ ದಶಕದಲ್ಲಿ ಧಾರವಾಡದ ಕಡೆಯಿಂದ ರೈಲು ಗೋವಾದ ಮರ್ಮಗೋವಾಕ್ಕೆ ಹೋಯಿತು, ಹತ್ತಿ ಅದರ ಹಿಂದೆ ಹೋಯಿತು, ಕುಮಟಾದ ವ್ಯಾಪಾರ ಇಳಿಯಿತು. ಘಟ್ಟದಿಂದ ಉತ್ತರ ಕನ್ನಡದ ಕರಾವಳಿಗೆ ಇಳಿಯಬೇಕಾದ ಹುಬ್ಬಳ್ಳಿ–ಅಂಕೋಲ ರೈಲು ಇನ್ನೂ ಕಾಗದದ ಮೇಲೆಯೇ ಉಂಟು.